ಹುಲಿಗೆವ್ವನ ಸಾಕ್ಷಿ

ಹಿರೇಬೂದೂರು ನಿಲ್ದಾಣ ಬಿಟ್ಟ ರೈಲು ವೇಗ ಹಿಡಿಯುವ ಮೊದಲೇ ಎಡಗಡೆಯ ಕಿಟಕಿಯಲ್ಲಿ ಕುಳಿತವರಿಗೆ ಒಂದು ಕೆರೆ ಕಾಣುತ್ತದೆ. ಎರೆಹೊಲಗಳ ನಡುವೆ ಅಷ್ಟೊಂದು ನೀರನ್ನು ನೋಡಿದವರು ಮೊದಲು ಬೆರಗಾಗುತ್ತಾರೆ, ಆಮೇಲೆ ಕೆರೆಯ ನಟ್ಟನಡುವೆ ನಿಂತಿರುವ ಮಣ್ಣಿನ ದಿಬ್ಬವನ್ನು ಕಂಡು ಇದೇನಪ್ಪಾ ಎಂದು ಪಕ್ಕದವರನ್ನು ಕೇಳುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದು ಎರಡಾಳೆತ್ತರದ ಕಂಬ. ಮಳೆಗಾಲದಲ್ಲಿ ಕೆರೆ ತುಂಬಿದರೆ ಹುಲ್ಲು ಬೆಳೆದ ತಲೆ ಮಾತ್ರ ಮೇಲೆ ಉಳಿದಿರುತ್ತದೆ, ನೀರುಕಾಗೆಗಳು ಅದರ ಮೇಲೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿರುತ್ತವೆ. ಹೊಸಬರು ಕೆಲವರು ಹುತ್ತವೆನ್ನುತ್ತಾರೆ, ಕೆಲವರು ಹಳೆಯ ಕೋಟೆಯ ಬುರುಜು ಎನ್ನುತ್ತಾರೆ. ಓದಿಕೊಂಡವರೊಬ್ಬರು ಯಾವನೋ ಪಾಳೆಯಗಾರನ ಸಮಾಧಿ ಎಂದು ಪತ್ರಿಕೆಯಲ್ಲಿ ಬರೆದು, ಮುಂದೆ ಈ ಊರಿನ ಕಡೆ ಬಂದಾಗ ಹೆಂಗಸರ ಕೈಯಲ್ಲಿ ಸರಿಯಾಗಿ ಅನ್ನಿಸಿಕೊಂಡು ಹೋದರು. ಅದು ಪಾಳೆಯಗಾರನದೂ ಅಲ್ಲ, ದೇವರದೂ ಅಲ್ಲ. ಅದರ ಹೆಸರು ಹುಲಿಗೆವ್ವನ ಸಾಕ್ಷಿ. ಕೆರೆಗೂ ಅದೇ ಹೆಸರು. ರೈಲು ಇಲಾಖೆಯವರು ಹತ್ತಿರದ ಗೇಟಿಗೆ ನಂಬರು ಕೊಟ್ಟಿದ್ದಾರೆ, ಆದರೆ ಗೇಟಿನವನನ್ನು ಕೇಳಿದರೆ ಅವನೂ ಸಾಕ್ಷಿಗೇಟು ಎಂದೇ ಹೇಳುತ್ತಾನೆ.

ಹಿಂದೆ ಒಮ್ಮೆ ಈ ಸೀಮೆಯಲ್ಲಿ ಹಳಿಯೂ ಇರಲಿಲ್ಲ, ಕೆರೆಯೂ ಇರಲಿಲ್ಲ. ಹಿರೇಬೂದೂರಿನ ಬಾವಿಗಳೆಲ್ಲ ಸವುಳು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಕುಡಿದವರ ಬಾಯಾರಿಕೆ ಹೋಗುತ್ತಿರಲಿಲ್ಲ, ದನಗಳೂ ಮೂಸಿ ನೋಡಿ ಮುಖ ತಿರುಗಿಸುತ್ತಿದ್ದವಂತೆ. ಸಿಹಿನೀರು ಬೇಕಾದರೆ ಹೆಂಗಸರು ಕೊಡ ಹೊತ್ತು ದೂರದ ಹಳ್ಳಕ್ಕೆ ಹೋಗಿ, ಅಲ್ಲಿ ಉಸುಕಿನಲ್ಲಿ ಒರತೆ ತೋಡಿ, ಚಿಪ್ಪಿನಿಂದ ತುಂಬಿಕೊಂಡು ಬರಬೇಕಿತ್ತು. ಹೆಣ್ಣು ಹೆತ್ತವರು ಈ ಊರಿನ ಸಂಬಂಧವೆಂದರೆ ಹಿಂದೆ ಮುಂದೆ ನೋಡುತ್ತಿದ್ದರು. ಹೊಲ ಎಷ್ಟಿದೆ ಎಂದು ಕೇಳುವ ಮೊದಲು ಹಳ್ಳ ಎಷ್ಟು ದೂರ ಎಂದು ಕೇಳುತ್ತಿದ್ದರು ಎನ್ನುತ್ತಾರೆ. ಊರಿನ ಗಂಡಸರಿಗೆ ಇದರ ಚಿಂತೆ ಅಷ್ಟಾಗಿ ಇರಲಿಲ್ಲ. ಕೊಡ ಹೊರುವ ತಲೆ ಅವರದಲ್ಲವಲ್ಲ.

ಆ ಕಾಲಕ್ಕೆ ರೈಲು ಕಂಪನಿಯವರು ಸೀಮೆಯ ಹತ್ತಿಯನ್ನು ಬಂದರಿಗೆ ಸಾಗಿಸಲು ಮೀಟರ್ ಗೇಜಿನ ಹಳಿ ಹಾಕುತ್ತ ಬಂದರು. ಹಳಿ ಬರುವ ಮೊದಲು ಅದಕ್ಕೆ ಮಣ್ಣಿನ ಏರಿ ಬೇಕು. ಏರಿ ಹಾಕಲು ಮಣ್ಣು ಕೆಲಸದ ಭೋವಿ ಜನ ಬಂದರು. ಕತ್ತೆಗಳ ಮೇಲೆ ಗುಡಿಸಲಿನ ಸಾಮಾನು, ಕೋಳಿ, ಮಕ್ಕಳು, ಗುದ್ದಲಿ, ಬುಟ್ಟಿ ಹೇರಿಕೊಂಡು ಹಳಿಯ ಮುಂದೆ ಮುಂದೆ ನಡೆಯುವ ಜನ ಅವರು. ಆ ಗುಂಪಿಗೆ ಹುಲಿಗೆವ್ವ ಹಿರಿಯಳು. ಗಂಡ ತೀರಿಕೊಂಡ ಮೇಲೆ ಹಿರಿತನ ಮಗ ಯಂಕಪ್ಪನಿಗೆ ಹೋಗಬೇಕಿತ್ತು, ಆದರೆ ಗುಂಪಿನವರು ಅವಳನ್ನೇ ಮುಂದೆ ನಿಲ್ಲಿಸಿದರು. ಯಂಕಪ್ಪನೂ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಅವನಿಗೆ ತಾಯಿಯೆಂದರೆ ಪ್ರಾಣ, ಜೊತೆಗೆ ಸ್ವಲ್ಪ ಭಯವೂ ಇತ್ತು. ಹುಲಿಗೆವ್ವ ದೊಡ್ಡ ಗಂಟಲಿನ, ದೊಡ್ಡ ನಗೆಯ ಹೆಂಗಸು. ಬೈದರೆ ಆಚೆ ಹೊಲದವರೂ ಎದ್ದು ಕೂರುತ್ತಿದ್ದರು, ಬೈದ ಮೇಲೆ ಎಲೆ ಅಡಿಕೆ ಚೀಲ ಬಿಚ್ಚಿ ಬೈಸಿಕೊಂಡವರಿಗೇ ಮೊದಲು ಕೊಡುತ್ತಿದ್ದಳು.

ಈ ಜನರ ಕೆಲಸದಲ್ಲಿ ಒಂದು ಕಟ್ಟಳೆ ಇತ್ತು. ಮಣ್ಣು ತೆಗೆಯುವಾಗ ಗುಂಡಿಯ ನಡುವೆ ಒಂದು ಕಡೆ ನೆಲವನ್ನು ಮುಟ್ಟದೆ ಹಾಗೆಯೇ ಬಿಡುತ್ತಿದ್ದರು. ಸುತ್ತಲಿನ ಮಣ್ಣು ಇಳಿದಂತೆಲ್ಲ ಅದು ಕಂಬವಾಗಿ ಉಳಿಯುತ್ತಿತ್ತು. ಅದರ ತಲೆಯ ಮೇಲಿನ ಹುಲ್ಲು ಹಳೆಯ ನೆಲದ ಗುರುತು. ಅಲ್ಲಿಂದ ಕೆಳಗೆ ಎಷ್ಟು ಅಗೆದರೋ ಅಷ್ಟು ಅವರ ಕೆಲಸ. ಅದಕ್ಕೆ ಸಾಕ್ಷಿ ಎಂದು ಹೆಸರು. ಅಳತೆ ಹೆಚ್ಚಿಸಲೆಂದು ಅದರ ತಲೆಗೆ ಒಂದು ಹಿಡಿ ಮಣ್ಣು ಏರಿಸಿದವನನ್ನು ಗುಂಪಿನಿಂದ ಹೊರಗೆ ಹಾಕುತ್ತಿದ್ದರು. ಅಳತೆ ಮುಗಿದ ದಿನ ಗುಂಪಿನ ಹಿರಿಯರು ಸಾಕ್ಷಿಗೆ ಗುದ್ದಲಿ ತಾಗಿಸಿ ‘ಇಳಿಸಿ’ ಎನ್ನಬೇಕು, ಆಗ ಮಾತ್ರ ಉಳಿದವರು ಅದನ್ನು ಕಡಿದು ಕೆಡವಬೇಕು. ಸಾಕ್ಷಿ ನಿಂತಿರುವವರೆಗೆ ಆ ಗುಂಡಿ ಅವರದು. ಬೇರೆ ಗುಂಪಿನವರು ಅದರಿಂದ ಮಣ್ಣು ತೆಗೆಯುವಂತಿಲ್ಲ, ಅದಕ್ಕೆ ಮಣ್ಣು ಹಾಕುವಂತಿಲ್ಲ. ಹಾಗೆಯೇ, ಸಾಕ್ಷಿ ಇಳಿಸದೆ ಹಿರಿಯರು ಆ ಜಾಗ ಬಿಟ್ಟು ಮುಂದಿನ ಕೆಲಸಕ್ಕೆ ಹೋಗುವಂತೆಯೂ ಇಲ್ಲ. ಈ ಮಾತು ಹಳಿ ಹೋದಲ್ಲೆಲ್ಲ ನಡೆಯುತ್ತಿತ್ತು. ಕಂಪನಿಯವರಿಗೂ ಗೊತ್ತಿತ್ತು, ತಮ್ಮ ಅಳತೆಗೂ ಅನುಕೂಲವೆಂದು ಅವರೂ ಸುಮ್ಮನಿದ್ದರು.

ಹಿರೇಬೂದೂರಿನ ಹೊರಗೆ ಗುಡಿಸಲು ಹಾಕಿದ ವಾರದೊಳಗೆ ಹುಲಿಗೆವ್ವನ ಸೊಸೆ ಮಾರೆವ್ವನಿಗೆ ಹೆರಿಗೆ ನೋವು ಬಂತು. ಸುಡುಬಿಸಿಲು. ಗುಡಿಸಲಿನಲ್ಲಿ ಇದ್ದದ್ದು ಸವುಳು ನೀರು. ಹುಲಿಗೆವ್ವ ಹೊರಗೆ ಬಂದು ದಾರಿಯಲ್ಲಿ ನಿಂತಳು. ಹಳ್ಳದ ಕಡೆಯಿಂದ ಊರಿನ ಒಬ್ಬ ಸೊಸೆ ತುಂಬಿದ ಕೊಡ ಹೊತ್ತು ಬರುತ್ತಿದ್ದಳು. ಗುರುಸಿದ್ದವ್ವ ಅಂತ, ಮದುವೆಯಾಗಿ ಬಂದು ಇನ್ನೂ ವರ್ಷ ತುಂಬದ ಹುಡುಗಿ. ಹುಲಿಗೆವ್ವ ಬೇಡಿದ್ದು ಒಂದು ಚೊಂಬು. ಒಳಗಿನ ಚೀರಾಟ ಕೇಳಿದ ಗುರುಸಿದ್ದವ್ವ ಜಾತಿಯನ್ನೂ ನೋಡಲಿಲ್ಲ, ಮೈಲಿಗೆಯನ್ನೂ ನೋಡಲಿಲ್ಲ, ಕೊಡವನ್ನೇ ತಲೆಯಿಂದ ಇಳಿಸಿ ಗುಡಿಸಲಿನೊಳಗೆ ಇಟ್ಟು ಬರಿಗೈಯಲ್ಲಿ ಮನೆಗೆ ನಡೆದಳು. ಅತ್ತೆ ಅವಳಿಗೆ ಅಂದು ಊಟ ಹಾಕಲಿಲ್ಲ. ಮಾರೆವ್ವನಿಗೆ ಹೆಣ್ಣು ಕೂಸು ಹುಟ್ಟಿತು, ಇಬ್ಬರೂ ಉಳಿದರು. ಮರುದಿನ ಹುಲಿಗೆವ್ವ ಕೊಡವನ್ನು ಬೂದಿ ಹಾಕಿ ಫಳಫಳ ಬೆಳಗಿ, ಅದೇ ದಾರಿಯಲ್ಲಿ ಗುರುಸಿದ್ದವ್ವನನ್ನು ತಡೆದು ನಿಲ್ಲಿಸಿದಳು.

‘ತಂಗಿ, ನಿನ್ನ ಕೊಡ ತಗೋ. ನೀರಿನ ಋಣ ಕೊಡ ತಿರುಗಿ ಕೊಟ್ರ ತೀರೂದಲ್ಲ. ನಿಮ್ಮೂರಿಗೆ ನೀರು ನಿಲ್ಲಿಸೇ ಹೋಗ್ತೀನಿ ನಾ.’

‘ಆತು ಬಿಡಬೇ, ನಿಲ್ಲಸು,’ ಎಂದು ಗುರುಸಿದ್ದವ್ವ ನಕ್ಕು ಮುಂದೆ ಹೋದಳು. ಇಂಥ ಮಾತು ಆಡಿದವರನ್ನು ಆ ಊರು ಬೇಕಾದಷ್ಟು ನೋಡಿತ್ತು.

ಹುಲಿಗೆವ್ವ ಆಡಿದ್ದು ಬಾಯಿ ಮಾತಾಗಿರಲಿಲ್ಲ. ಮಣ್ಣಿನೊಂದಿಗೇ ಹುಟ್ಟಿ ಬೆಳೆದವಳು. ಸುತ್ತಲಿನ ಹೊಲಗಳ ಮಳೆನೀರೆಲ್ಲ ಯಾವ ತಗ್ಗಿಗೆ ಹರಿದು ಬರುತ್ತದೆಂದು ನೋಡಿಕೊಂಡಿದ್ದಳು. ಅಲ್ಲಿ ಎರೆಯ ಕೆಳಗೆ ನೀರು ಇಂಗದ ಗಟ್ಟಿ ಗರಸು ಮಣ್ಣು ಇತ್ತು, ಏರಿಗೂ ಒಳ್ಳೆಯ ಮಣ್ಣು. ಕೆಲಸ ನೋಡಿಕೊಳ್ಳುತ್ತಿದ್ದ ಓವರ್‌ಸಿಯರ್ ಶೇಷಗಿರಿರಾಯರ ಬಳಿ ಹೋಗಿ, ಹಳಿಯುದ್ದಕ್ಕೂ ಸಣ್ಣ ಸಣ್ಣ ಗುಂಡಿ ತೋಡುವ ಬದಲು ಮಣ್ಣೆಲ್ಲವನ್ನೂ ಆ ತಗ್ಗಿನಿಂದಲೇ ತರುತ್ತೇವೆ ಎಂದಳು. ರಾಯರು ಒಳ್ಳೆಯ ಮನುಷ್ಯ. ಏರಿಯಿಂದ ಒಂದು ಹೊಲದಷ್ಟು ದೂರ ಬಿಡಬೇಕೆಂದು ಹೇಳಿ ಒಪ್ಪಿಕೊಂಡರು. ದೂರ ಹೆಚ್ಚಾದರೆ ಹೊರುವ ಕಷ್ಟವೂ ಹೆಚ್ಚು, ಗುಂಪಿನವರು ಗೊಣಗಿದರು. ಹುಲಿಗೆವ್ವ ಅವರನ್ನು ಬೈದು, ನಗಿಸಿ, ತಾನೇ ಮೊದಲ ಬುಟ್ಟಿ ಹೊತ್ತು ದಾರಿ ಹಾಕಿಕೊಟ್ಟಳು. ಬೇಸಿಗೆಯಿಡೀ ಗುಂಡಿ ಇಳಿಯಿತು, ಏರಿ ಏರಿತು, ನಡುವೆ ಸಾಕ್ಷಿ ಎತ್ತರವಾಗುತ್ತ ಹೋಯಿತು. ಊರಿನವರು ಸಂಜೆ ಬಂದು ದಡದಲ್ಲಿ ನಿಂತು ನೋಡತೊಡಗಿದರು. ಇದು ಕೆರೆಯಾಗುತ್ತದೆ ಎಂಬ ಮಾತು ಮೊದಲು ಹೆಂಗಸರಿಗೆ ಹೊಳೆಯಿತು, ಅವರು ಹೇಳಿದ ಮೇಲೆ ಗಂಡಸರಿಗೂ ಹೊಳೆಯಿತು.

ಮುಂಗಾರು ಹತ್ತಿರ ಬಂದಾಗ ಕಂಪನಿಯ ದೊಡ್ಡ ಸಾಹೇಬ ಟ್ರಾಲಿಯ ಮೇಲೆ ಕುಳಿತು ಕೆಲಸ ನೋಡಲು ಬಂದ. ಅವನಿಗೆ ಅವನದೇ ತಲೆನೋವು ಇತ್ತು. ಮುಂದಿನ ಗುಡ್ಡವನ್ನು ಸೀಳಿ ಹಳಿಗೆ ದಾರಿ ಮಾಡುತ್ತಿದ್ದರು. ಅಲ್ಲಿ ಬರುವ ಕಲ್ಲುಮಣ್ಣನ್ನು ಎಲ್ಲಿ ಸುರಿಯುವುದೆಂದು ತಿಳಿಯದೆ ಕೆಲಸ ನಿಂತಿತ್ತು. ಜೊತೆಗೆ ಹಳಿಯ ಬದಿಗೆ ಆಳವಾದ ಗುಂಡಿ ಇರಬಾರದೆಂದು ಕಂಪನಿಯ ಕಟ್ಟುನಿಟ್ಟು. ಹುಲಿಗೆವ್ವನ ಗುಂಡಿ ನೋಡಿದ ಅವನಿಗೆ ಎರಡು ಕೆಲಸ ಒಂದೇ ಸಲ ಮುಗಿದಂತಾಯಿತು. ಅಳತೆ ಮುಗಿಸಿ ಸಾಕ್ಷಿ ಕೆಡವಿಸಿ, ಗುಡ್ಡದ ಕಲ್ಲುಮಣ್ಣು ತಂದು ಈ ಗುಂಡಿ ಮುಚ್ಚಿಸಿ ಎಂದು ರಾಯರಿಗೆ ಹುಕುಂ ಕೊಟ್ಟ. ರಾಯರು ಹುಲಿಗೆವ್ವನಿಗೆ ಈ ಮಾತು ಹೇಳುವಾಗ ಅವಳ ಮುಖ ನೋಡಲಿಲ್ಲವಂತೆ. ಹುಲಿಗೆವ್ವ ಕೇಳಿ ತಲೆಯ ಮೇಲಿನ ಬುಟ್ಟಿ ಕೆಳಗಿಟ್ಟಳು. ಕೆಲಸದ ನಡುವೆ ಅವಳು ಬುಟ್ಟಿ ಇಟ್ಟದ್ದನ್ನು ಅಂದೇ ಮೊದಲು ನೋಡಿದ್ದು ಎಂದು ಯಂಕಪ್ಪ ಮುಂದೆ ಎಲ್ಲರಿಗೂ ಹೇಳುತ್ತಿದ್ದ. ಹಳ್ಳದ ದಾರಿ ಹಾಗೆಯೇ ಉಳಿಯುತ್ತದೆ, ಹುಡುಗಿಗೆ ಕೊಟ್ಟ ಮಾತು ಮಣ್ಣಿನಡಿ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಾಯಿತು.

ಇತ್ತ ಊರಿನವರಿಗೆ ಈ ಹುಕುಮಿನ ಸುದ್ದಿಯೇ ಇಲ್ಲ. ಅಳತೆ ಮುಗಿಯಿತು, ಸಾಕ್ಷಿ ಇಳಿಸುತ್ತಾರೆ ಎಂದಷ್ಟೇ ಕೇಳಿದ ಅವರು, ಸಾಕ್ಷಿ ಇಳಿಸಿದರೆ ಕೆರೆಯ ಕೆಲಸ ಪೂರ್ತಿಯಾದಂತೆ ಎಂದು ತಾವೇ ತೀರ್ಮಾನ ಮಾಡಿಕೊಂಡರು. ಹೋಳಿಗೆ ಮಾಡಿಸಿದರು, ಡೊಳ್ಳು ಹೊಡೆಸಿದರು, ಹುಲಿಗೆವ್ವನಿಗೆಂದು ಇಳಕಲ್ ಸೀರೆ ತಂದರು. ಊರ ಗೌಡ ಲಿಂಗನಗೌಡನಿಗಂತೂ ಈ ಪುಣ್ಯ ತನ್ನ ಕೈಯಿಂದಲೇ ಆಗಲೆಂಬ ಆಸೆ. ರುಮಾಲು ಸುತ್ತಿಕೊಂಡು, ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಡೊಳ್ಳಿನವರನ್ನು ಮುಂದೆ ಬಿಟ್ಟು ಗುಂಡಿಗೆ ಇಳಿದೇ ಬಿಟ್ಟ. ತಮ್ಮ ಕೆರೆಯನ್ನು ತಾವೇ ಮುಚ್ಚಲು ಹೋಳಿಗೆಯೊಂದಿಗೆ ಹೊರಟ ಊರು ಬೇರೆ ಎಲ್ಲಾದರೂ ಇದ್ದರೆ ತೋರಿಸಿ ಎಂದು ಪಕ್ಕದ ಹಳ್ಳಿಯವರು ಇಂದಿಗೂ ಇವರನ್ನು ಕೆಣಕುವುದುಂಟು.

ಗೌಡ ಗುದ್ದಲಿ ಎತ್ತುವುದನ್ನು ಕಂಡ ಹುಲಿಗೆವ್ವ ಸೀರೆಯ ಕಚ್ಚೆ ಬಿಗಿದು, ಹುಡುಗಿಯಂತೆ ಸರಸರನೆ ಸಾಕ್ಷಿಯನ್ನು ಹತ್ತಿ ಅದರ ತಲೆಯ ಮೇಲೆ ನಿಂತುಬಿಟ್ಟಳು. ಡೊಳ್ಳು ನಿಂತಿತು. ಗೌಡ ಗುದ್ದಲಿಯನ್ನು ಇಳಿಸಲೂ ಆಗದೆ ಹೊಡೆಯಲೂ ಆಗದೆ ಮೇಲೆ ನೋಡಿದ.

‘ಯಾಕವ್ವಾ, ಮರ್ಯಾದಿ ಕಡಿಮಿ ಆತೇನು? ಸೀರಿ ಮನಸಿಗೆ ಬರಲಿಲ್ಲೇನು?’

‘ಸೀರಿ ಚಂದ ಐತ್ರೀ ಗೌಡ್ರ. ಆದ್ರ ಇದನ್ನ ಇಳಿಸಿದ್ರ ನಾಳಿಂದ ಈ ತೆಗ್ಗಿಗೆ ಗುಡ್ಡದ ಕಲ್ಲು ಬಂದು ಬೀಳ್ತಾವು. ಬೇಕಿದ್ರ ರಾಯರನ್ನ ಕೇಳ್ರಿ.’

ಎಲ್ಲರೂ ದಡದಲ್ಲಿದ್ದ ರಾಯರ ಕಡೆ ತಿರುಗಿದರು. ರಾಯರು ತಲೆಯಾಡಿಸಿದರು. ಗೌಡನ ಕೈಯಿಂದ ಗುದ್ದಲಿ ಜಾರಿತು. ದಡದಲ್ಲಿದ್ದ ಗುರುಸಿದ್ದವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಿಲ್ಲಿಸು ಎಂದು ನಕ್ಕು ಹೋಗಿದ್ದ ಮಾತಿಗೆ ಈ ಹೆಂಗಸು ಬೇಸಿಗೆಯಿಡೀ ಮಣ್ಣು ಹೊತ್ತಿದ್ದಾಳೆಂದು ಅವಳಿಗೆ ಗೊತ್ತಾದದ್ದು ಆಗಲೇ. ರಾಯರು ಗುಂಡಿಗಿಳಿದು ಬಂದು ಮೆಲ್ಲನೆ ಹೇಳಿದರು: ‘ಹುಲಿಗೆವ್ವಾ, ಅಳತಿ ಮುಗದದ. ನೀ ಇಳಿಸಲಿಕ್ಕೇ ಬೇಕು.’

‘ನಿಮ್ಮ ಅಳತಿ ಮುಗೀತ್ರೀ ರಾಯರ. ನನ್ನ ಕೆಲಸ ಮುಗಿದಿಲ್ಲ. ಮುಗದಾಗ ನಾನಽ ಹೇಳ್ತೀನಿ.’

ಸಾಹೇಬನಿಗೆ ಸುದ್ದಿ ಹೋಯಿತು. ಅವನು ಮೊದಲು ನಕ್ಕ, ಆಮೇಲೆ ಸಿಟ್ಟಾದ, ಕೊನೆಗೆ ಬೇರೆ ಗುಂಪಿನವರನ್ನು ಕರೆಸಿದ. ಅವರು ಬಂದು ದಡದಲ್ಲಿ ನಿಂತು ಸಾಕ್ಷಿ ನೋಡಿದರು, ಬುಟ್ಟಿ ಕೆಳಗಿಟ್ಟರು. ಗುಡ್ಡ ಸೀಳುತ್ತಿದ್ದ ಕಲ್ಲಿನವರನ್ನು ಕರೆಸಿದ, ಅವರೂ ಒಲ್ಲೆವೆಂದರು. ಬಯ್ದರೂ ಅಷ್ಟೇ, ಹೆಚ್ಚು ಕೂಲಿ ಕೊಡುತ್ತೇನೆಂದರೂ ಅಷ್ಟೇ. ಇನ್ನೊಬ್ಬರ ಸಾಕ್ಷಿ ನಿಂತ ಗುಂಡಿಗೆ ಮಣ್ಣು ಹಾಕಿದವನ ಜೊತೆ ಮುಂದೆ ಯಾರೂ ಗುದ್ದಲಿ ಹಿಡಿಯುವುದಿಲ್ಲ, ಹೆಣ್ಣು ಕೊಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮಳೆ ತಲೆಯ ಮೇಲೆ ಬಂದಿತ್ತು, ಹಳಿಯ ಕೆಲಸ ನಿಂತಿತ್ತು. ಸಾಹೇಬ ಸೋತು, ಗುಡ್ಡದ ಕಲ್ಲುಮಣ್ಣನ್ನು ಹಳಿಯ ಆಚೆ ಬದಿಗೆ ಸುರಿಸಿದ. ಆದರೆ ಅವನೂ ಹಟಗಾರನೇ. ಇಂದಲ್ಲ ನಾಳೆ ಈ ಮುದುಕಿ ತನ್ನ ಗುಂಪಿನೊಂದಿಗೆ ಹೋಗಲೇಬೇಕು, ಸಾಕ್ಷಿ ಇಳಿದ ದಿನವೇ ಗುಂಡಿ ಮುಚ್ಚಿ ಎಂದು ಹೇಳಿ ಟ್ರಾಲಿ ಹತ್ತಿದ.

ಸಾಹೇಬನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಏರಿಯ ಕೆಲಸ ಮುಗಿದಿತ್ತು, ಗುಂಪು ಮುಂದಕ್ಕೆ ಹೋಗಬೇಕಿತ್ತು. ಸಾಕ್ಷಿ ಇಳಿಸಿದರೆ ಹುಲಿಗೆವ್ವ ತನ್ನವರೊಂದಿಗೆ ಹೋಗಬಹುದು, ಕೆರೆ ಹೋಗುತ್ತದೆ. ಇಳಿಸದಿದ್ದರೆ ಕೆರೆ ಉಳಿಯುತ್ತದೆ, ಅವಳು ಈ ನೆಲ ಬಿಟ್ಟು ಕದಲುವಂತಿಲ್ಲ. ಹುಟ್ಟಿದಾಗಿನಿಂದ ಒಂದು ಊರಿನಲ್ಲಿ ಎರಡು ಮಳೆಗಾಲ ಕಳೆದವಳಲ್ಲ ಅವಳು. ಯಂಕಪ್ಪ ಕಾಲಿಗೆ ಬಿದ್ದು ಬೇಡಿಕೊಂಡ. ‘ಯವ್ವಾ, ಊರು ನಮ್ದಲ್ಲ, ಮಂದಿ ನಮ್ದಲ್ಲ. ಯಾರಿಗೋಸ್ಕರ ಇದು? ಇಳಸಿಬಿಡು, ಹೋಗೂಣು.’ ಹುಲಿಗೆವ್ವ ಅವನ ತಲೆ ಸವರಿ, ಮಾರೆವ್ವನ ಮಡಿಲಿನಿಂದ ಕೂಸನ್ನು ಎತ್ತಿ ಅವನ ಮುಂದೆ ಹಿಡಿದಳು. ಆಮೇಲೆ ಹೇಳಿದಳು: ‘ಇಕಿ ಬದುಕಿದ್ದು ಯಾರ ನೀರಿನಾಗ? ಆವಾಗ ಆ ಹುಡುಗಿ, ಮಂದಿ ನಮ್ದಲ್ಲ ಅಂದಿದ್ರ?’

ಗುಂಪು ಹೊರಟ ದಿನ ಹುಲಿಗೆವ್ವ ತನ್ನ ಗುದ್ದಲಿಯನ್ನು ಯಂಕಪ್ಪನ ಕೈಗೆ ಕೊಟ್ಟು ಹಿರಿತನ ಒಪ್ಪಿಸಿದಳು, ಈ ಸಾಕ್ಷಿಯನ್ನು ಇಳಿಸುವ ಮಾತನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡಳು. ಕತ್ತೆಗಳನ್ನು ಹೆಸರು ಹಿಡಿದು ಕರೆದು ಬೆನ್ನು ತಟ್ಟಿದಳು, ಹಗ್ಗ ಸಡಿಲ ಬಿಟ್ಟಿದ್ದಕ್ಕೆ ಒಬ್ಬನನ್ನು ಬೈದಳು, ಕೂಸಿನ ಹಣೆಗೆ ಕಾಡಿಗೆಯ ಬೊಟ್ಟು ಇಟ್ಟಳು. ಅವರು ಕಣ್ಣಿಗೆ ಮರೆಯಾಗುವವರೆಗೂ ಏರಿಯ ಮೇಲೆ ನೆಟ್ಟಗೆ ನಿಂತಿದ್ದಳು. ಮರೆಯಾದ ಮೇಲೆ ಅದೇ ಏರಿಯ ಮೇಲೆ ಕುಳಿತು, ಊರಿಗೆಲ್ಲ ಕೇಳುವಂತೆ ಅತ್ತಳು. ನೆಲ ಅಗೆಯುವವರನ್ನು ನೆಲವೇ ಕಟ್ಟಿ ಹಾಕುತ್ತದೆಂದು ಅವಳು ಎಂದೂ ಎಣಿಸಿರಲಿಲ್ಲ. ಗುರುಸಿದ್ದವ್ವ ಬಂದು ಪಕ್ಕದಲ್ಲಿ ಕುಳಿತಳು. ಲಿಂಗನಗೌಡ ಕೆರೆಯ ದಂಡೆಗೆ ಒಂದು ಮನೆ ಕಟ್ಟಿಸಿಕೊಟ್ಟ. ಅವನಿಂದ ಅದಕ್ಕಿಂತ ಬುದ್ಧಿವಂತ ಕೆಲಸ ಜೀವಮಾನದಲ್ಲಿ ಆಗಲಿಲ್ಲ ಎಂದು ಅವನ ಮನೆಯವರೇ ಹೇಳುತ್ತಾರೆ.

ಆ ವರ್ಷ ಮಳೆ ಹಿಡಿದು ಹೊಡೆಯಿತು. ಹೊಲದ ನೀರೆಲ್ಲ ಆ ತಗ್ಗಿಗೆ ಬಂದು ನಿಂತಿತು, ಗರಸು ಅದನ್ನು ಹಿಡಿದಿಟ್ಟಿತು. ಕೆಸರು ಕೆಳಗೆ ಕೂತ ಮೇಲೆ ಊರಿನ ಹೆಂಗಸರು ಬೊಗಸೆ ತುಂಬಿ ಕುಡಿದು ನೋಡಿದರು. ಸಿಹಿ. ಅಂದಿನಿಂದ ಹಳ್ಳದ ದಾರಿಯಲ್ಲಿ ಹುಲ್ಲು ಬೆಳೆಯಿತು. ಹಳಿ ಕೂಡಿ, ಹೊಗೆ ಉಗುಳುತ್ತ ಗಾಡಿ ಬಂದಾಗ ಅದಕ್ಕೂ ನೀರು ಬೇಕಾಯಿತು; ಈ ಕೆರೆಯ ನೀರನ್ನೇ ಎತ್ತಿ ಇಂಜಿನ್ನಿಗೆ ಕುಡಿಸಿದರು. ಮುಚ್ಚಿ ಎಂದಿದ್ದ ಕಂಪನಿಯವರೇ ಹೂಳು ತೆಗೆಸಲು ಆಳು ಕಳಿಸತೊಡಗಿದರು, ಕೆರೆ ಬೇಕೇ ಬೇಡವೇ ಎಂಬ ಮಾತನ್ನು ಮತ್ತೆ ಎತ್ತಲಿಲ್ಲ. ಯಂಕಪ್ಪನ ಗುಂಪು ಹಳಿ ಹಾಕುತ್ತ ಎಷ್ಟೋ ದೂರ ಹೋಗಿತ್ತು, ಅದೇ ಹಳಿ ಅವರನ್ನು ವರ್ಷಕ್ಕೊಮ್ಮೆ ಹುಲಿಗೆವ್ವನ ಬಾಗಿಲಿಗೆ ತಂದು ಬಿಡುತ್ತಿತ್ತು. ಮೊಮ್ಮಗಳು ಬಂದು ಕೈ ಹಿಡಿದು ಎಳೆದರೂ ಹುಲಿಗೆವ್ವ ಮಾತ್ರ ರೈಲು ಹತ್ತಲಿಲ್ಲ. ಕೆಲಸದ ಮೇಲಿದ್ದೇನೆ ಎನ್ನುತ್ತಿದ್ದಳು. ಹಣ್ಣು ಮುದುಕಿಯಾಗಿ ಹಾಸಿಗೆ ಹಿಡಿದಾಗ ಊರಿನವರು, ನೀನು ಹೋದ ಮೇಲೆ ಇಳಿಸುವ ಮಾತನ್ನು ಹೇಳುವವರು ಯಾರು ಎಂದು ಕೇಳಿದರಂತೆ. ‘ಯಾರೂ ಇಲ್ಲ. ಆ ಮಾತು ನನ್ನ ಕೂಡಽ ಒಯ್ತೀನಿ,’ ಎಂದು ನಕ್ಕಳು. ಅವಳು ತೀರಿಕೊಂಡಾಗ ಅಳತೆ ಮುಗಿದು ಒಂದು ತಲೆಮಾರೇ ಕಳೆದಿತ್ತು, ಸಾಕ್ಷಿ ನಿಂತೇ ಇತ್ತು.

ಕಾಲ ಸರಿಯಿತು. ಹೊಗೆ ಇಂಜಿನ್ ಹೋಗಿ ಡೀಸೆಲ್ ಬಂತು, ಇಂಜಿನ್ನಿಗೆ ಕೆರೆಯ ಹಂಗು ತಪ್ಪಿತು. ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕುವ ಕೆಲಸ ಶುರುವಾದಾಗ ನಿಲ್ದಾಣಕ್ಕೆ ಇನ್ನಷ್ಟು ಹಳಿ ಬೇಕೆಂದು, ಕೆರೆಯನ್ನು ಮುಚ್ಚುವ ನಕ್ಷೆ ಮತ್ತೆ ಬಂತು. ಈ ಸಲ ಬಂದದ್ದು ಬುಟ್ಟಿಯಲ್ಲ, ಜೆಸಿಬಿ. ಆಳಿಗೆ ಕಟ್ಟಳೆ ಉಂಟು, ಯಂತ್ರಕ್ಕೆ ಎಲ್ಲಿಂದ ಬರಬೇಕು ಎಂದು ಊರಿನವರು ಎದೆ ಬಡಿದುಕೊಂಡರು. ಅದು ಬೇಸಿಗೆ, ಸಾಕ್ಷಿ ಬುಡದವರೆಗೂ ಕಾಣುತ್ತಿತ್ತು. ಜೆಸಿಬಿ ನಡೆಸುವವನು ದಡದವರೆಗೆ ಬಂದು ಯಂತ್ರ ನಿಲ್ಲಿಸಿ, ಕೆಳಗಿಳಿದು, ಇದು ಯಾರ ಸಾಕ್ಷಿ ಎಂದು ಕೇಳಿದ. ಗುರುಸಿದ್ದವ್ವನ ಮೊಮ್ಮಗ ಹೆಸರು ಹೇಳಿದ. ಜೆಸಿಬಿಯವನು ಆ ಗುಂಪಿನವನಲ್ಲ, ಹುಲಿಗೆವ್ವನ ಹೆಸರನ್ನೂ ಕೇಳಿದವನಲ್ಲ. ಆದರೆ ಅವನ ಅಜ್ಜನೂ ಮಣ್ಣು ಹೊತ್ತವನೇ. ಚಪ್ಪಲಿ ಬಿಟ್ಟು ನೆಲ ಮುಟ್ಟಿ ನಮಸ್ಕರಿಸಿ, ಮೇಲ್ವಿಚಾರಣೆಗೆ ಬಂದಿದ್ದ ರೈಲ್ವೆ ಎಂಜಿನಿಯರ್ ಮೇಡಂ ಹತ್ತಿರ ಹೋಗಿ, ಕೆಲಸ ಇನ್ನೂ ಮುಗಿಯದ ಗುಂಡಿಗೆ ತಾನು ಮಣ್ಣು ಹಾಕುವುದಿಲ್ಲ ಎಂದ. ಆಕೆ ಇಡೀ ಕಥೆಯನ್ನು ದಡದ ಮೇಲೆ ಕುಳಿತು ಕೇಳಿದರು, ನಕ್ಷೆ ಬಿಡಿಸಿ ನೋಡಿದರು, ಹೊಸ ಹಳಿಗಳನ್ನು ಆಚೆ ಬದಿಯ ಕಲ್ಲುಮಣ್ಣಿನ ರಾಶಿ ಬಿದ್ದಿದ್ದ ಜಾಗಕ್ಕೆ ತಿರುಗಿಸಿದರು. ನೆಲ ಅಲ್ಲಿ ಮೊದಲೇ ಎತ್ತರವಿದ್ದದ್ದರಿಂದ ಕೆಲಸವೂ ಬೇಗ ಮುಗಿಯಿತು.

ಈಗ ಹಳಿಗಳ ಮೇಲೆ ವಿದ್ಯುತ್ ತಂತಿ ಬಂದಿದೆ, ಗಾಡಿಗಳು ಸದ್ದಿಲ್ಲದೆ ಹಾದುಹೋಗುತ್ತವೆ. ಪ್ರತಿ ಬೇಸಿಗೆಯಲ್ಲೂ ಊರಿನ ಹೆಂಗಸರು ಕೆರೆಗೆ ಇಳಿದು ಸಾಕ್ಷಿಯ ಬುಡಕ್ಕೆ ಕಲ್ಲು ಒತ್ತಿ ಮಣ್ಣು ಮೆತ್ತುತ್ತಾರೆ. ಅದರ ತಲೆಯನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ರೈಲು ಬರುವ ಮೊದಲಿನ ಹಿರೇಬೂದೂರಿನ ನೆಲ ಅಲ್ಲಿ ಮಾತ್ರ ಇದ್ದ ಹಾಗೆಯೇ ಇದೆ. ಆ ದಾರಿಯಲ್ಲಿ ಪ್ರಯಾಣ ಮಾಡುವವರಿಗೆ ಇನ್ನೂ ಒಂದು ನೋಟ ಸಿಗುತ್ತದೆ. ಕೆರೆ ಹತ್ತಿರ ಬಂತೆನ್ನುವಾಗ ಡಬ್ಬಿಯಲ್ಲಿ ಎಲ್ಲೋ ಒಂದು ಕಡೆ ಮಣ್ಣು ಕೆಲಸದವರ ಮನೆತನದ ಕೆಲವರು ಸೀಟಿನಿಂದ ಎದ್ದು ನಿಲ್ಲುತ್ತಾರೆ, ಮಲಗಿದ ಮಕ್ಕಳನ್ನೂ ಎಬ್ಬಿಸಿ ನಿಲ್ಲಿಸುತ್ತಾರೆ. ಪಕ್ಕದವರು ನಿಲ್ದಾಣ ಬಂತೆಂದುಕೊಂಡು ಚೀಲಕ್ಕೆ ಕೈ ಹಾಕುತ್ತಾರೆ.

‘ನೀವು ಕುಂದರ್‍ರಿ, ಇಳಿಯೂ ಜಾಗ ಅಲ್ಲ ಇದು,’ ಎನ್ನುತ್ತಾರೆ ನಿಂತವರು. ‘ನಮ್ಮವ್ವ ಇನ್ನೂ ಕೆಲಸದ ಮ್ಯಾಲೆ ಅದಾಳ್ರೀ. ಆಕಿ ನಿಂತಾಗ ನಾವು ಹ್ಯಾಂಗ ಕೂಡೂದು?’